ಹನ್ನೊಂದು ನಿಮಿಷದಲ್ಲಿ ಸವೆದ ಕ್ಯಾಮ್

ಪ್ರಭಾ ಅವರ ಶೆಡ್ಡಿಗೆ ಮೊದಲ ಸಲ ಬರುವವರೆಲ್ಲ ಅವರ ಗಂಡನನ್ನು ಹುಡುಕುತ್ತಾರೆ. ಹ್ಯೂಸ್ಟನ್ ಪಕ್ಕದ ಸ್ಟಾಫರ್ಡಿನ ಮನೆಯ ಹಿಂದೆ ತಗಡಿನ ಶೆಡ್ಡು. ಒಳಗೆ ಲೇತ್, ಡ್ರಿಲ್ಲಿಂಗ್ ಮಶೀನು, ಎಂಜಿನ್ನಿನ ವಾಲ್ವ್ ಕೂರುವ ಜಾಗವನ್ನು ಕೊರೆಯುವ ಒಂದು ಹಳೆಯ ಯಂತ್ರ. ಇವುಗಳ ನಡುವೆ ಎಣ್ಣೆಯ ಏಪ್ರನ್ ಕಟ್ಟಿಕೊಂಡು ನಿಂತ ಅರವತ್ಮೂರರ ಹೆಂಗಸು. ಬಂದವರು ಆಕೆಯ ತಲೆಯ ಮೇಲಿಂದ ಒಳಗೆ ಇಣುಕಿ, "ಅಂಕಲ್ ಇದ್ದಾರಾ ಆಂಟಿ?" ಎನ್ನುತ್ತಾರೆ.

"ಅದಾರ. ಮನಿಯಾಗ ಬಟಾಣಿ ಸುಲಿಯಾಕತ್ತಾರ. ಕರೀಲೇನು?"

ಹೌದು, ಕರೆಯಿರಿ ಎಂದವರೂ ಇದ್ದರು. ಅಂಥವರಿಗೆ ಪ್ರಭಾ ನಿಜವಾಗಿಯೂ ಚನ್ನಬಸಪ್ಪನವರನ್ನು ಕರೆದು ನಿಲ್ಲಿಸುತ್ತಿದ್ದರು. ಕ್ಲಿಯರ್ ಲೇಕ್‌ನಲ್ಲಿ ಮೂವತ್ತು ವರ್ಷ ಎಂಜಿನಿಯರ್ ಆಗಿ ದುಡಿದು ನಿವೃತ್ತರಾದ ಆ ಸಾಧು ಮನುಷ್ಯ ಕೈಯಲ್ಲಿ ಬಟಾಣಿಯ ಬುಟ್ಟಿ ಹಿಡಿದುಕೊಂಡೇ ಬಂದು, ಕಾರಿನ ಬಾನೆಟ್ ತೆರೆಯುವುದು ಎಲ್ಲಿಂದ ಎಂದು ಕೇಳುತ್ತಿದ್ದರು. ಬಂದವರ ಮುಖ ಇಳಿಯುವುದನ್ನು ನೋಡಿದ ಮೇಲೆಯೇ ಪ್ರಭಾ ಕೆಲಸದ ಮಾತಿಗೆ ಬರುತ್ತಿದ್ದದ್ದು.

ಅವರ ತಂದೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಮದುವೆಯಾಗಿ ಹ್ಯೂಸ್ಟನ್ನಿಗೆ ಬಂದ ಮೊದಲ ಎರಡು ವರ್ಷ ಪ್ರಭಾ ಉಳಿದ ಹೆಂಗಸರಂತೆ ಪಾಟ್‌ಲಕ್ ಊಟಗಳಿಗೆ ಚಿತ್ರಾನ್ನ ಹೊತ್ತು ನಡೆದರು. ಯಾರ ಮನೆಯ ಕೌಂಟರ್ ಗ್ರಾನೈಟಿನದು, ಯಾರದ್ದು ಬರೀ ಲ್ಯಾಮಿನೇಟ್ ಎಂಬ ಚರ್ಚೆ ಕೇಳಿ ಕೇಳಿ ತಲೆ ಕೆಟ್ಟು, ಒಂದು ದಿನ ಕಮ್ಯುನಿಟಿ ಕಾಲೇಜಿನಲ್ಲಿ ಮಶಿನಿಸ್ಟ್ ಕೋರ್ಸಿಗೆ ಹೆಸರು ಬರೆಸಿದರು. ಆಮೇಲೆ ಇಪ್ಪತ್ನಾಲ್ಕು ವರ್ಷ ಒಂದೇ ಕಡೆ ಕೆಲಸ: ತೈಲಬಾವಿಗಳಿಗೆ ಕೂರಿಸುವ ದೊಡ್ಡ ದೊಡ್ಡ ವಾಲ್ವುಗಳನ್ನು ರಿಪೇರಿ ಮಾಡುವ ಕಾರ್ಖಾನೆಯಲ್ಲಿ. ಅದು ತಿಳಿದಾಗ ಕನ್ನಡ ಸಂಘದ ಹೆಂಗಸೊಬ್ಬರು ಪೇರ್ಲ್ಯಾಂಡಿನ ಮೀನಾಕ್ಷಿ ಗುಡಿಯಲ್ಲಿ ಪಕ್ಕಕ್ಕೆ ಕರೆದು, ಬಹಳ ಕಾಳಜಿಯ ದನಿಯಲ್ಲಿ ಕೇಳಿದ್ದರು, "ನಿಮ್ಮನೆಯವರ ಕೆಲಸ ಸರಿಯಾಗಿದೆ ತಾನೇ?"

"ಅವರದು ಸರಿ ಐತ್ರಿ. ನಿಮ್ಮ ಮನಿಯಾಗ ನಳ ಸೋರಿದ್ರ ಯಾರನ್ನ ಕರೀತೀರಿ?" ಎಂದು ಪ್ರಭಾ ಕೇಳಿದ್ದಕ್ಕೆ ಆ ಹೆಂಗಸು ಮುಂದೆ ಹತ್ತು ವರ್ಷ ಮಾತಾಡಿಸಲಿಲ್ಲ. ಪ್ರಭಾ ಅದನ್ನು ಲಾಭವೆಂದೇ ತಿಳಿದರು.

ಕಾರ್ಖಾನೆ ಮುಚ್ಚಿದಾಗ ಆ ಕೊರೆಯುವ ಯಂತ್ರವನ್ನು ಮನೆಗೆ ತಂದರು. ಅರವತ್ತು, ಎಪ್ಪತ್ತರ ದಶಕದ ಅಮೆರಿಕನ್ ಕಾರುಗಳ ಎಂಜಿನ್‌ಗಳನ್ನು ಹೊಸದಾಗಿ ಕಟ್ಟುವ ಹುಚ್ಚು ಟೆಕ್ಸಾಸಿನ ಬಿಳಿಯ ಮುದುಕರಿಗೆ ಮೊದಲಿನಿಂದಲೂ ಇತ್ತು. ಅವರು ಬರುತ್ತಿದ್ದರು, ಗೊಣಗುತ್ತಿದ್ದರು, ಮೈಕ್ರೋಮೀಟರ್ ಇಸಿದುಕೊಂಡು ತಾವೂ ಒಮ್ಮೆ ಅಳೆಯುತ್ತಿದ್ದರು. ಅವರೊಂದಿಗೆ ಪ್ರಭಾ ಅವರಿಗೆ ಜಗಳವಿರಲಿಲ್ಲ. ಆಮೇಲೆ ಆ ಹುಚ್ಚು ನಮ್ಮವರಿಗೂ ಹತ್ತಿತು. ನಲವತ್ತು ದಾಟಿದ, ಕಂಪನಿಯಲ್ಲಿ ಡೈರೆಕ್ಟರ್ ಎನಿಸಿಕೊಂಡ, ಊರಲ್ಲಿ ಸ್ಕೂಟರಿನ ಪ್ಲಗ್ಗನ್ನೂ ಬಿಚ್ಚಿ ನೋಡದ ಗಂಡಸರು ಇದ್ದಕ್ಕಿದ್ದಂತೆ ಐವತ್ತೈದು ವರ್ಷದ ಹಳೆಯ ಮಸಲ್ ಕಾರು ಕೊಂಡು, ಎರಡು ವಾರ ವೀಡಿಯೊ ನೋಡಿ, ಮೂರನೆಯ ವಾರ ಪಂಡಿತರಾಗಿ ಶೆಡ್ಡಿಗೆ ಬಂದು ನಿಲ್ಲತೊಡಗಿದರು. ಶ್ರೀಕರ್ ಬಂದದ್ದು ಹಾಗೆ, ಕಳೆದ ವರ್ಷದ ಆಗಸ್ಟಿನ ಒಂದು ಶನಿವಾರ.

ಡ್ಯಾಲಸ್ ಪಕ್ಕದ ಫ್ರಿಸ್ಕೋದಿಂದ ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು, ಬಾಡಿಗೆಯ ಟ್ರೇಲರಿನಲ್ಲಿ 1969ರ ಶೆವೆಲ್ ಕಾರಿನ ಎಂಜಿನ್ ಹೇರಿಕೊಂಡು ಬಂದಿದ್ದ. ಬೆಂಗಳೂರಿನ ಬಸವನಗುಡಿಯವನು. ಡ್ಯಾಲಸಿನ ಒಳ್ಳೆಯ ಶಾಪುಗಳಲ್ಲಿ ಎಂಟು ತಿಂಗಳ ಸರದಿ ಇದ್ದದ್ದರಿಂದ ಇಲ್ಲಿಗೆ ಬಂದಿದ್ದ, ಅದನ್ನು ಮುಚ್ಚಿಡುವ ನಯವೂ ಅವನಿಗಿರಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಉಳಿದವರಿಗಿಂತ ವಾಸಿ: ಅಂಕಲ್ ಎಲ್ಲಿ ಎಂದು ಕೇಳಲಿಲ್ಲ. ಕೇಳುವಷ್ಟು ವ್ಯವಧಾನವೇ ಇರಲಿಲ್ಲ. ಇಳಿದವನೇ ಮಗುವನ್ನು ಎತ್ತಿಕೊಂಡಂತೆ ಒಂದು ಉದ್ದನೆಯ ಡಬ್ಬಿಯನ್ನು ಎದೆಗವಚಿಕೊಂಡು ತಂದು ಮೇಜಿನ ಮೇಲಿಟ್ಟ.

"ಕ್ಯಾಮ್ ನಾನೇ ಸೆಲೆಕ್ಟ್ ಮಾಡಿದೀನಿ ಆಂಟಿ. ಇದೇ ಹಾಕ್ಬೇಕು."

ಕ್ಯಾಮ್‌ಶಾಫ್ಟ್ ಎಂದರೆ ಎಂಜಿನ್ನಿನ ನಡುಮಧ್ಯದಲ್ಲಿ ತಿರುಗುವ ಉಕ್ಕಿನ ಕೋಲು. ಅದರ ಮೇಲೆ ಮೊಟ್ಟೆಯಾಕಾರದ ಹದಿನಾರು ಉಬ್ಬುಗಳು. ಕೋಲು ತಿರುಗಿದಂತೆ ಒಂದೊಂದು ಉಬ್ಬು ಗಾಳಿ ಎಳೆಯುವ ಇಲ್ಲವೇ ಹೊಗೆ ಬಿಡುವ ಒಂದೊಂದು ವಾಲ್ವನ್ನು ಎತ್ತಿ ಇಳಿಸುತ್ತದೆ. ವಾಲ್ವ್ ಎಷ್ಟು ಮೇಲೇಳಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನೆಲ್ಲ ಆ ಉಬ್ಬಿನ ಆಕಾರವೇ ತೀರ್ಮಾನಿಸುತ್ತದೆ. ಎಂಜಿನ್ನಿನ ಉಸಿರಾಟ ಅದರ ಕೈಯಲ್ಲಿ. ಪ್ರಭಾ ಡಬ್ಬಿಯ ಮೇಲಿನ ಚೀಟಿ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು. ರೇಸಿನಲ್ಲಿ ಕಾಲು ಮೈಲಿ ಓಡಿ ನಿಲ್ಲುವ ಕಾರಿಗೆ ಹಾಕುವ ಕ್ಯಾಮ್ ಅದು.

"ಗೇರು ಹೆಂಥಾದ್ರಿ?"

"ಆಟೋಮ್ಯಾಟಿಕ್."

"ಬ್ರೇಕು?"

"ಪವರ್ ಬ್ರೇಕ್ ಆಂಟಿ. ಎಸೀನೂ ಇದೆ. ಈ ಟೆಕ್ಸಾಸ್ ಸೆಕೇಲಿ ಎಸಿ ಇಲ್ದೆ ಆಗುತ್ತಾ?"

"ಎಲ್ಲಿ ಓಡಸ್ತೀರಿ?"

"ವೀಕೆಂಡಲ್ಲಿ ಕಾಫಿಗೆ ಹೋಗೋದು, ಕಾರ್ ಮೀಟ್‌ಗಳಿಗೆ ಹೋಗೋದು. ಅಷ್ಟೇ."

"ಅಂದ್ರ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ. ಅದಕ್ಕ ಈ ಕ್ಯಾಮ್ ಯಾಕ ಬೇಕ್ರಿ ನಿಮಗ?"

ಶ್ರೀಕರ್ ನಕ್ಕ. ಎದುರಿಗಿರುವವರಿಗೆ ತಿಳಿವಳಿಕೆ ಕಡಿಮೆ ಎಂದು ಕ್ಷಮಿಸಿಬಿಡುವ ನಗು. ಮೀಟಿಂಗುಗಳಲ್ಲಿ ಅಭ್ಯಾಸವಾದದ್ದಿರಬೇಕು. "ಸೌಂಡ್ ಆಂಟಿ! ನಿಂತಿರೋವಾಗ ಲಬಲಬ ಅಂತ ಬರುತ್ತಲ್ಲ, ಆ ಸೌಂಡು. ಮತ್ತೆ ವಾಲ್ವೂ ಇರೋದ್ರಲ್ಲೇ ದೊಡ್ಡದು ಹಾಕಿ. ಅವಿನಾಶ್ ಹೇಳಿದಾನೆ, ದೊಡ್ಡ ವಾಲ್ವ್ ಅಂದ್ರೆ ಜಾಸ್ತಿ ಪವರ್ ಅಂತ."

ಅವಿನಾಶ್ ಎಂದರೆ ಪ್ಲೇನೋದಲ್ಲಿರುವ ಅವನ ಗೆಳೆಯ. ಡ್ಯಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರುಗಳ ಕನ್ನಡದ ಕಾರುಪ್ರಿಯರ ವಾಟ್ಸಾಪ್ ಗುಂಪಿಗೆ ಅಡ್ಮಿನ್. ಆತ ಬರೆದದ್ದನ್ನು ಪ್ರಭಾ ಆಗಾಗ ಓದಿದ್ದರು, ಹಲ್ಲುನೋವಿದ್ದಾಗ ನಾಲಿಗೆ ಅಲ್ಲಿಗೇ ಹೋಗುತ್ತದಲ್ಲ, ಹಾಗೆ.

ಆ ಲಬಲಬ ಶಬ್ದ ಎಲ್ಲಿಂದ ಬರುತ್ತದೆಂದು ಅವರು ಹೇಳಿ ನೋಡಿದರು. ವಾಲ್ವುಗಳು ಬಹಳ ಹೊತ್ತು ತೆರೆದೇ ಇರುವುದರಿಂದ ನಿಧಾನ ಓಟದಲ್ಲಿ ಎಂಜಿನ್ನಿಗೆ ಉಸಿರು ಕಟ್ಟುತ್ತದೆ, ಆ ಏದುಸಿರೇ ಈ ಸದ್ದು. ಆಗ ಎಂಜಿನ್ನಿನಲ್ಲಿ ಗಾಳಿ ಹೀರುವ ಸೆಳೆತ ಕಡಿಮೆಯಾಗುತ್ತದೆ. ಪವರ್ ಬ್ರೇಕಿಗೆ ಬೇಕಾದದ್ದು ಅದೇ ಸೆಳೆತ. "ಸಿಗ್ನಲ್ಲಿನಾಗ ಮಂದಿ ತಿರುಗಿ ನೋಡ್ತಾರ, ಖರೇ. ಕಾಲಾಗ ಬ್ರೇಕ್ ಕಲ್ಲಾಗಿರ್ತೈತಿ. ಮುಂದಿನ ಗಾಡಿಯವ್ರೂ ತಿರುಗಿ ನೋಡ್ತಾರ."

ವಾಲ್ವಿನ ಮಾತೂ ಹೇಳಿದರು. ಆ ಸಿಲಿಂಡರಿಗೆ ತೀರ ದೊಡ್ಡ ವಾಲ್ವ್ ಹಾಕಿದರೆ ಗೋಡೆಗೆ ಅಂಟಿಕೊಂಡಂತಾಗಿ ಗಾಳಿ ಬರಲು ಜಾಗವೇ ಉಳಿಯುವುದಿಲ್ಲ. ಅದಕ್ಕಿಂತ ಮುಖ್ಯ, ಹೊಗೆ ಹೊರಬಿಡುವ ವಾಲ್ವ್. ಆ ಕಾಲದ ಎಂಜಿನ್ ಸೀಸ ಬೆರೆತ ಪೆಟ್ರೋಲಿಗೆಂದು ಮಾಡಿದ್ದು. ಈಗಿನ ಪೆಟ್ರೋಲಿಗೆ, ವಾಲ್ವ್ ಕೂರುವ ಜಾಗದಲ್ಲಿ ಗಟ್ಟಿ ಉಕ್ಕಿನ ಹೊಸ ಸೀಟುಗಳನ್ನು ಕೂರಿಸಬೇಕು, ಇಲ್ಲವಾದರೆ ವಾಲ್ವ್ ತನ್ನ ಸೀಟನ್ನೇ ತಿಂದುಕೊಂಡು ಒಳಗೆ ಇಳಿಯುತ್ತದೆ.

"ಹೊಗೆ ಬಿಡೋದಕ್ಕೆ ಯಾಕೆ ಅಷ್ಟು ಖರ್ಚು ಆಂಟಿ? ಅದು ಹೆಂಗೂ ಹೊರಗೆ ಹೋಗುತ್ತೆ."

"ಉಸಿರು ಒಳಗ ತಗೊಂಡು ಬಿಡಬ್ಯಾಡ್ರಿ, ಹಂಗ ಇರ್ರಿ ನೋಡೂಣು," ಎಂದರು ಪ್ರಭಾ.

ಮಾತಿನಿಂದ ಆಗುವ ಕೆಲಸವಲ್ಲ ಎಂದು ಅವರಿಗೆ ಗೊತ್ತಾಯಿತು. ಮುಂದಿನ ತಿಂಗಳು ಮತ್ತೆ ಬರಲು ಹೇಳಿ, ಅಷ್ಟರೊಳಗೆ ಎಂಜಿನ್ ಬಿಚ್ಚಿ ತೊಳೆದು, ಹೊಸ ಪಿಸ್ಟನ್ ಹಾಕಿ, ಅವನದೇ ಕ್ಯಾಮನ್ನು ಹಾಗೇ ಸುಮ್ಮನೆ ಕೂರಿಸಿಟ್ಟರು. ಶ್ರೀಕರ್ ಬಂದಾಗ ಅವನ ಕೈಗೆ ಮಕ್ಕಳು ಆಡುವ ಬಣ್ಣದ ಜೇಡಿಮಣ್ಣಿನ ಒಂದು ಉಂಡೆ ಕೊಟ್ಟರು. "ಇದನ್ನ ತಟ್ಟಿ ಪಿಸ್ಟನ್ ಮ್ಯಾಲ ಮೆತ್ರಿ." ಅವನು ರೊಟ್ಟಿ ತಟ್ಟಲು ಬಾರದವನಂತೆ ಮೆತ್ತಿದ. ಮೇಲೆ ವಾಲ್ವುಗಳಿರುವ ಮುಚ್ಚಳವಾದ ಹೆಡ್ ಕೂರಿಸಿ ಬೋಲ್ಟ್ ಬಿಗಿದು, ಎಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ, ಮತ್ತೆ ಹೆಡ್ ತೆಗೆದರು. ಜೇಡಿಯ ಮೇಲೆ ವಾಲ್ವಿನ ಗುರುತು ಮೂಡಿತ್ತು. ಅದನ್ನು ಬ್ಲೇಡಿನಿಂದ ಕತ್ತರಿಸಿ ತೆಳ್ಳಗಿದ್ದ ಕಡೆ ಅವನಿಂದಲೇ ಅಳೆಸಿದರು. ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಇಂಚಿನ ಸಾವಿರ ಪಾಲಿನಲ್ಲಿ ಎಂಬತ್ತು ಪಾಲಾದರೂ ಜಾಗ ಇರಬೇಕಾದಲ್ಲಿ ಇಪ್ಪತ್ತೆಂಟು ಇತ್ತು.

"ಅಂದ್ರೆ?"

"ಅಂದ್ರ ಜೋರಾಗಿ ಓಡಿದಾಗ ಎರಡೂ ಒಂದಕ್ಕೊಂದು ಬಡಿದಾವು. ಅವಿನಾಶ್ ಅವ್ರನ್ನ ಕೇಳ್ರಿ, ಆ ಸೌಂಡೂ ಅವರಿಗೆ ಸೇರ್ತೈತೇನು."

ಶ್ರೀಕರ್ ಜೇಡಿಯ ಚೂರನ್ನು ಇನ್ನೊಮ್ಮೆ ಅಳೆದ. ಕೊನೆಗೆ ಪ್ರಭಾ ಹೇಳಿದ ಸೌಮ್ಯವಾದ ಕ್ಯಾಮಿಗೆ, ಹದವಾದ ವಾಲ್ವಿಗೆ, ಅದಕ್ಕೆ ಹೊಂದುವ ಸ್ಪ್ರಿಂಗುಗಳಿಗೆ, ಗಟ್ಟಿ ಸೀಟುಗಳಿಗೆ ಒಪ್ಪಿದ. ಆದರೆ ಒಪ್ಪಿದ ರೀತಿ ಹೇಗಿತ್ತೆಂದರೆ, ಕಾರಿನಲ್ಲಿ ಕುಳಿತು ಹೊರಡುವ ಮುಂಚೆ ಕಿಟಕಿ ಇಳಿಸಿ, "ನೆಕ್ಸ್ಟ್ ವರ್ಷ ಬೇರೆ ಪಿಸ್ಟನ್ ಹಾಕಿ ದೊಡ್ಡ ಕ್ಯಾಮೇ ಹಾಕೋಣ ಆಂಟಿ," ಎಂದ. ಪ್ರಭಾ ಒಳಗೆ ಬಂದು ಗಂಡನಿಗೆ, "ಇಂಥಾವ್ರಿಗೆ ಎಂಜಿನ್ ಬ್ಯಾಡ್ರಿ. ಒಂದು ಸ್ಪೀಕರ್ ಕೊಟ್ರ ಸಾಕು," ಎಂದರು.

ಅಕ್ಟೋಬರಿನ ಹೊತ್ತಿಗೆ ಎಂಜಿನ್ ತಯಾರಾಯಿತು. ಒಳ್ಳೆಯ ಕೆಲಸವೇ ಆಗಿತ್ತು. ಒಂದೊಂದು ವಾಲ್ವನ್ನೂ ಉಜ್ಜಿ ಕೂರಿಸಿ, ಒಂದು ಹನಿ ಸೋರದಂತೆ ನೋಡಿದ್ದರು. ಇಂಥ ಎಂಜಿನ್‌ಗಳ ಮೊದಲ ಸ್ಟಾರ್ಟನ್ನು ಪ್ರಭಾ ತಮ್ಮ ಶೆಡ್ಡಿನಲ್ಲೇ, ತಮ್ಮ ಕೈಯಲ್ಲೇ ಮಾಡುವುದು ರೂಢಿ. ಹಳೆಯ ಮಾದರಿಯ ಕ್ಯಾಮಿಗೆ ಆ ಮೊದಲ ಇಪ್ಪತ್ತು ನಿಮಿಷವೇ ಗಂಡಾಂತರ. ಉಬ್ಬುಗಳೂ ಅವುಗಳ ಮೇಲೆ ಕೂರುವ ಲಿಫ್ಟರುಗಳೆಂಬ ಬಿಲ್ಲೆಗಳೂ ಒಂದಕ್ಕೊಂದು ಹೊಂದಿಕೊಳ್ಳುವವರೆಗೆ ಎಂಜಿನ್ನನ್ನು ನಿಮಿಷಕ್ಕೆ ಎರಡು ಸಾವಿರ ಸುತ್ತಿನ ಮೇಲೆಯೇ ಓಡಿಸಬೇಕು. ನಿಧಾನ ಮಾಡಿದರೆ ಅಲ್ಲಿಗೆ ಎಣ್ಣೆ ಸಾಲದೆ ಉಕ್ಕು ಉಕ್ಕನ್ನು ತಿನ್ನುತ್ತದೆ. ಆದರೆ ಶ್ರೀಕರ್ ಹಠ ಹಿಡಿದ. ಮೊದಲ ಸ್ಟಾರ್ಟು ಫ್ರಿಸ್ಕೋದ ಅವನ ಮನೆ ಮುಂದೆ, ಗೆಳೆಯರೆದುರಿಗೆ, ವೀಡಿಯೊ ಮಾಡುತ್ತಾ ಆಗಬೇಕು. ದೀಪಾವಳಿಯ ದಿನವೇ.

ಬೇರೆ ಯಾರಾಗಿದ್ದರೂ ಪ್ರಭಾ ಆಗದು ಎಂದು ಕಡ್ಡಿ ಮುರಿದಂತೆ ಹೇಳುತ್ತಿದ್ದರು. ಅಥವಾ ಎದುರಿಗೆ ಕೂರಿಸಿಕೊಂಡು ಮೂರು ಸಲ ಹೇಳಿ, ತಿರುಗಿ ಅವರ ಬಾಯಿಂದ ಹೇಳಿಸುತ್ತಿದ್ದರು. ಅಂದು ಅವರಿಗೆ ಈ ಮನುಷ್ಯನನ್ನು ಕಂಡರೇ ಸಾಕಾಗಿ ಹೋಗಿತ್ತು. ಎಂಜಿನ್ ಟ್ರೇಲರಿಗೆ ಏರಿಸುವಾಗ ಅವನು ಒಂದೆಡೆ ಫೋನಿನಲ್ಲಿ ಅವಿನಾಶನಿಗೆ ನೇರಪ್ರಸಾರ ಮಾಡುತ್ತಿದ್ದ. ಹೊರಡುವಾಗ ಕೇಳಿದ, "ಆಂಟಿ, ಏನಾದ್ರೂ ಸ್ಪೆಷಲ್ಲಾಗಿ ನೋಡ್ಕೋಬೇಕಾ?"

"ಗ್ಯಾಸ್ಕೆಟ್ ಡಬ್ಬಿಯಾಗ ಎರಡು ಹಾಳಿ ಇಟ್ಟೀನಿ. ಎಲ್ಲಾ ಬರದೈತಿ," ಎಂದರು ಪ್ರಭಾ. "ಓದಾಕ ಬರ್ತೈತಲ್ಲ?"

ಶ್ರೀಕರ್ ಅದನ್ನು ತಮಾಷೆ ಎಂದುಕೊಂಡು ಜೋರಾಗಿ ನಕ್ಕ.

ದೀಪಾವಳಿಯ ಮರುದಿನ ಮಧ್ಯಾಹ್ನ ಫೋನ್ ಬಂತು. ಎಂಜಿನ್ನಿನೊಳಗೆ ಟಕಟಕ ಸದ್ದು ಬರುತ್ತಿದೆ, ಎರಡು ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಪ್ರಭಾ ಹೆಚ್ಚು ಮಾತಾಡದೆ, ಸ್ಟಾರ್ಟ್ ಮಾಡಿದ ವೀಡಿಯೊ ಕಳಿಸಲು ಹೇಳಿದರು.

ಊಟದ ಮೇಜಿನ ಮೇಲೆ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ಗಂಡ ಹೆಂಡತಿ ಇಬ್ಬರೂ ನೋಡಿದರು. ಕೆಂಪು ಕಾರಿಗೆ ಚೆಂಡುಹೂವಿನ ಹಾರ. ಚಕ್ರಗಳಡಿ ನಿಂಬೆಹಣ್ಣು. ಎಂಜಿನ್ ಮೊದಲ ಯತ್ನಕ್ಕೇ ಹತ್ತಿಕೊಂಡಿತು, ಜನ ಚಪ್ಪಾಳೆ ತಟ್ಟಿದರು. ಶ್ರೀಕರ್ ಎದೆಯುಬ್ಬಿಸಿ ಕೆಳಗಿಳಿದ. ಎಂಜಿನ್ ನಿಧಾನಗತಿಯಲ್ಲಿ, ಐಡಲ್‌ನಲ್ಲಿ, ತನ್ನಷ್ಟಕ್ಕೆ ಗುಡುಗುಡು ಎನ್ನುತ್ತಿತ್ತು. ಅವನ ಹೆಂಡತಿ ಗಾರ್ಗಿ ರೇಷ್ಮೆ ಸೀರೆಯುಟ್ಟು ಆರತಿ ತಂದಳು. ದೀಪ ಗಾಳಿಗೆ ಆರಿತು. ಲೈಟರ್ ಹುಡುಕಿದರು. ಮತ್ತೆ ಹಚ್ಚಿದರು. ಅವಿನಾಶ್ ಮುಂದೆ ಬಂದು ಬಾನೆಟ್ಟಿನ ಮೇಲೆ ಕೈಯೂರಿ, ಕ್ಯಾಮೆರಾ ನೋಡುತ್ತ, ಇನ್ನೂ ದೊಡ್ಡ ಕ್ಯಾಮ್ ಹಾಕಬಹುದಿತ್ತು ಎಂದು ಭಾಷಣ ಮಾಡಿದ. ತೆಂಗಿನಕಾಯಿ ಒಂದೇ ಏಟಿಗೆ ಒಡೆಯಲಿಲ್ಲ.

"ಆರಿಸೋ, ಇಲ್ಲಾ ಎಕ್ಸಲೇಟರ್ ಒತ್ತೋ ಮೂರ್ಖಾ," ಎಂದು ಪ್ರಭಾ ನಿನ್ನೆಯ ವೀಡಿಯೊಗೆ ಕೂಗಿದರು. ಹನ್ನೊಂದು ನಿಮಿಷ ನಡೆದಿತ್ತು ಆ ಪೂಜೆ. ಅಷ್ಟರಲ್ಲಿ ಕ್ಯಾಮಿನ ಕಥೆ ಮುಗಿದಿತ್ತು.

ಸಂಜೆ ಗುಂಪಿನಲ್ಲಿ ಅವಿನಾಶನ ಸಂದೇಶ ಬಂತು. ಮನೆಯ ಹಿತ್ತಿಲಲ್ಲಿ ಎಂಜಿನ್ ಕಟ್ಟುವವರಿಗೆ ಕೊಟ್ಟರೆ ಹೀಗೇ ಆಗುವುದು, ಹ್ಯೂಸ್ಟನ್ ಆಂಟಿ ಹಳೆಯ ಕಾಲದವರು, ಇತ್ಯಾದಿ. ಕೆಳಗೆ ಹದಿನೇಳು ಜನರ ಹೆಬ್ಬೆರಳು. ಪ್ರಭಾ ಬೆರಳು ಮಡಿಸಿ ಬಿಚ್ಚಿ, ಟೈಪ್ ಮಾಡಲು ಕುಳಿತರು. ಐಡಲ್ ಬಿಟ್ಟು ಆರತಿ ಎತ್ತಿದ ಪಂಡಿತರು ಯಾರು, ಹಾಳೆ ಓದಲು ಬಾರದ ಡೈರೆಕ್ಟರು ಯಾರು ಎಂದು ಒಳ್ಳೊಳ್ಳೆಯ ಸಾಲುಗಳೇ ಬರುತ್ತಿದ್ದವು. ಆ ವೀಡಿಯೊದ ಹನ್ನೊಂದು ನಿಮಿಷವನ್ನೂ ಸೇರಿಸಿ ಕಳಿಸುವವರಿದ್ದರು.

ಚನ್ನಬಸಪ್ಪನವರು ಪಾತ್ರೆ ಒರೆಸುತ್ತ ಕೇಳಿದರು, "ನೀ ಅವಂಗ ಬಾಯಿಲೆ ಹೇಳಿದ್ದೇನು, ಐಡಲ್ ಬಿಡಬ್ಯಾಡ ಅಂತ?"

"ಹಾಳ್ಯಾಗ ಬರದಿದ್ದೆ."

"ಅದು ಗೊತ್ತೈತಿ. ಬಾಯಿಲೆ?"

ಪ್ರಭಾ ಫೋನನ್ನು ಮೇಜಿನ ಮೇಲಿಟ್ಟರು. ಅವನು ಕೇಳಿದ್ದ. ಏನಾದರೂ ನೋಡಿಕೊಳ್ಳಬೇಕಾ ಎಂದು ಅವನಾಗಿಯೇ ಕೇಳಿದ್ದ. ಆಡಲು ಅರ್ಧ ನಿಮಿಷ ಸಾಕಾಗುತ್ತಿದ್ದ ಒಂದು ಮಾತನ್ನು ತಾವು ಆಡದೆ ಉಳಿಸಿಕೊಂಡು, ಅದರ ಬದಲು ಚುಚ್ಚುಮಾತು ಒಂದನ್ನು ಕೊಟ್ಟು ಕಳಿಸಿದ್ದರು. ಇದು ನೆನಪಾದದ್ದೇ ಅವರಿಗೆ ಶ್ರೀಕರನ ಮೇಲೆ ಇನ್ನಷ್ಟು ಸಿಟ್ಟು ಬಂತು. ದಡ್ಡನಾದವನು ಪೂರ್ತಿ ದಡ್ಡನಾಗಿಯಾದರೂ ಇರಬಾರದೇ? ನಡುವೆ ಒಂದು ಸರಿಯಾದ ಪ್ರಶ್ನೆ ಕೇಳಿಟ್ಟು ಈಗ ತಮ್ಮನ್ನು ಸಿಕ್ಕಿಸಿಬಿಟ್ಟಿದ್ದ.

ಬರೆದದ್ದನ್ನೆಲ್ಲ ಅಳಿಸಿದರು. ಸ್ವಲ್ಪ ಹೊತ್ತು ಬಿಟ್ಟು ಗುಂಪಿಗೆ ಹೋದದ್ದು ಇಷ್ಟು: "ಕ್ಯಾಮ್ ಕೆಟ್ಟಿರುವುದು ನಿಜ. ಹೊಸ ಎಂಜಿನ್ನನ್ನು ಐಡಲ್‌ನಲ್ಲಿ ಬಿಟ್ಟು ಪೂಜೆ ಮಾಡಿದ್ದು ಶ್ರೀಕರ್ ಅವರ ದಡ್ಡತನ. ಕೇಳಿದಾಗ ಬಾಯಿಬಿಟ್ಟು ಹೇಳದಿದ್ದದ್ದು ನನ್ನ ಸೊಕ್ಕು. ಎಂಜಿನ್ ತಿರುಗಿ ತನ್ನಿ, ಕೆಲಸ ನನ್ನದು, ಸಾಮಾನು ನಿಮ್ಮದು. ಅವಿನಾಶ್ ಅವರಿಗೆ ಇದರಲ್ಲಿ ಕೆಲಸವಿಲ್ಲ."

ಇದಕ್ಕೆ ಯಾರೂ ಹೆಬ್ಬೆರಳು ಎತ್ತಲಿಲ್ಲ.

ಶ್ರೀಕರ್ ಬಂದ. ಈ ಸಲ ನಗು ಇರಲಿಲ್ಲ. ಪ್ರಭಾ ಕ್ಯಾಮ್ ಹೊರಗೆಳೆದು ಬೆಂಚಿನ ಮೇಲೆ ಮಲಗಿಸಿದರು. ಹದಿನಾರರಲ್ಲಿ ನಾಲ್ಕು ಉಬ್ಬುಗಳು ಮೊಟ್ಟೆಯ ಆಕಾರ ಕಳೆದುಕೊಂಡು ಗುಂಡಗಾಗಿದ್ದವು. ಲಿಫ್ಟರಿನ ತಳ ಅವನ ಕೈಯಲ್ಲಿಟ್ಟು ಉಗುರು ಆಡಿಸಲು ಹೇಳಿದರು. ನವಿರಾಗಿ ಉಬ್ಬಿರಬೇಕಾದದ್ದು ಬಟ್ಟಲಿನಂತೆ ಗುಳಿ ಬಿದ್ದಿತ್ತು.

"ಈ ತಿಂದ ಉಕ್ಕೆಲ್ಲ ಎಲ್ಲಿ ಹೋತು ಹೇಳ್ರಿ?"

"ಆಯಿಲ್‌ನಲ್ಲಿ?"

"ಎಂಜಿನ್ನಿನ ಮೈತುಂಬ. ಆಯಿಲ್ ಹೋಗೂ ಪ್ರತಿಯೊಂದು ತೂತಿನಾಗೂ. ಅದನ್ನ ತೊಳಿಯೂದು ನಿಮ್ಮ ಕೆಲಸ, ನಂದಲ್ಲ. ಶನಿವಾರ ಶನಿವಾರ ಬರ್ರಿ."

ಬರುವುದಿಲ್ಲ, ಯಾರನ್ನಾದರೂ ಕೂಲಿಗೆ ಹಿಡಿದು ಕಳಿಸುತ್ತಾನೆ ಎಂದೇ ಅವರು ಎಣಿಸಿದ್ದರು. ಆದರೆ ಅವನು ಬಂದ. ಬೆಳಗ್ಗೆ ಐದಕ್ಕೆ ಫ್ರಿಸ್ಕೋ ಬಿಟ್ಟು, ಐ-45 ಹೆದ್ದಾರಿ ಹಿಡಿದು, ಹತ್ತಕ್ಕೆಲ್ಲ ಶೆಡ್ಡಿನ ಮುಂದಿರುತ್ತಿದ್ದ. ದುಬಾರಿ ಬೂಟು ಹಾಕಿಕೊಂಡು ಬಂದ ಮೊದಲ ದಿನ ಸೋಪಿನ ನೀರಿನಲ್ಲಿ ಜಾರಿಬಿದ್ದ. ಉದ್ದ ಕಡ್ಡಿಯ ಬ್ರಷ್ಷುಗಳನ್ನು ಒಂದೊಂದು ತೂತಿಗೂ ತುರುಕಿ ತಿಕ್ಕಬೇಕು, ಬಿಳಿ ಬಟ್ಟೆ ಎಳೆದು ನೋಡಬೇಕು, ಬೂದುಬಣ್ಣ ಬಂದರೆ ಮತ್ತೆ ತಿಕ್ಕಬೇಕು. ಮೊದಲ ಶನಿವಾರ ಬಟ್ಟೆ ಕಪ್ಪಗೆ ಬಂತು. ಎರಡನೆಯ ಶನಿವಾರ ಅವನು, "ಈಗ ಬಿಳಿ ಆಯ್ತಲ್ವಾ ಆಂಟಿ?" ಎಂದು ತೋರಿಸಿದ. ಪ್ರಭಾ ಅದನ್ನು ಬಿಸಿಲಿಗೆ ಹಿಡಿದರು. ಸಣ್ಣ ಮಿನುಗು. "ನಿಮ್ಮ ಕಂಪನಿಯಾಗ ಇದನ್ನ ಬಿಳಿ ಅಂತಾರೇನು?"

ಕೈ ಬಹಳ ಮಂದ. ಬಲಕ್ಕೆ ತಿರುಗಿಸುವ ಬೋಲ್ಟು ಯಾವುದು, ಎಡಕ್ಕೆ ಯಾವುದು ಎಂಬ ಗೊಂದಲ ನಲವತ್ತೊಂದನೆಯ ವಯಸ್ಸಿಗೂ ಇತ್ತು. ಆದರೆ ಹೇಳಿದ್ದನ್ನು ಬಿಡುತ್ತಿರಲಿಲ್ಲ. ಒಮ್ಮೆ ಬ್ರಷ್ ಎಳೆಯುತ್ತ ತಾನಾಗಿಯೇ ಹೇಳಿದ, "ನನ್ನ ಕೆಲಸದಲ್ಲಿ ದಿನಾ ಏಳು ಗಂಟೆ ಮೀಟಿಂಗು ಆಂಟಿ. ಆರು ಗಂಟೆ ಮ್ಯೂಟ್‌ನಲ್ಲೇ ಇರ್ತೀನಿ. ಅದಕ್ಕೇ ಏನೋ, ಸೌಂಡ್ ಇರೋದೊಂದು ಬೇಕು ಅನ್ನಿಸ್ತಿತ್ತು."

ಮನಸ್ಸು ಕರಗಬೇಕಾದ ಜಾಗ ಅದು. ಪ್ರಭಾ ಅವರದು ಕರಗಲಿಲ್ಲ. "ಹಂಗಾದ್ರ ತಬಲಾ ಕಲೀಬೇಕಿತ್ತು," ಎಂದರು. ಆದರೆ ಅಂದು, ಲಿಫ್ಟರು ಉಬ್ಬಿನ ಮೇಲೆ ಸುಮ್ಮನೆ ಕೂರದೆ ತಾನೂ ತಿರುಗುತ್ತಿರಬೇಕು, ತಿರುಗಿದರೆ ಮಾತ್ರ ಸಮನಾಗಿ ಸವೆದು ಬಾಳುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದು ತೋರಿಸಿದರು. ಯಾಕೆ ತಿರುಗುತ್ತದೆ ಎಂದು ಅವನು ಕೇಳಿದ. ಉಬ್ಬನ್ನು ಕಾಣದಷ್ಟು ಓರೆಯಾಗಿ ಕಡೆದಿರುತ್ತಾರೆ ಎಂದರು. ಎಷ್ಟು ಓರೆ ಎಂದ. ಅದನ್ನು ಕೇಳಿದ ಮೊದಲ ಕನ್ನಡಿಗ ಅವನೇ. ಪ್ರಭಾ ಅದನ್ನು ಅವನಿಗೆ ಹೇಳಲು ಹೋಗಲಿಲ್ಲ.

ಮೂರನೆಯ ಶನಿವಾರ ಬಟ್ಟೆ ಬಿಳಿಯಾಗಿಯೇ ಬಂತು.

ಎರಡನೆಯ ಸ್ಟಾರ್ಟು ಸ್ಟಾಫರ್ಡಿನಲ್ಲೇ ಆಯಿತು, ಜನವರಿಯ ಒಂದು ಬೆಳಗ್ಗೆ, ಯಾವ ಹಾರವೂ ಇಲ್ಲದೆ. ಎಂಜಿನ್ನನ್ನು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದಿದ್ದರು. ಪ್ರಭಾ ಶ್ರೀಕರನ ಕೈಯನ್ನೇ ವೇಗ ಏರಿಸುವ ಥ್ರಾಟಲಿನ ಮೇಲಿಟ್ಟರು. ಹತ್ತಿಕೊಂಡ ಕ್ಷಣದಿಂದ ಎರಡು ಸಾವಿರದ ಇನ್ನೂರು. ಗದ್ದಲದಲ್ಲಿ ಅವನ ಕಿವಿಯ ಹತ್ತಿರ ಬಾಯಿಟ್ಟು ಅವರು ಅರಚುತ್ತಲೇ ಇದ್ದರು, ಈಗೇನಾಗುತ್ತಿದೆ, ಎಣ್ಣೆ ಎಲ್ಲಿ ಬೀಳುತ್ತಿದೆ, ಸುತ್ತನ್ನು ಸ್ವಲ್ಪ ಯಾಕೆ ಹೆಚ್ಚು ಕಡಿಮೆ ಮಾಡಬೇಕು, ಇಳಿಸಿದರೆ ಏನಾಗುತ್ತದೆ. ಎಂಟನೆಯ ನಿಮಿಷಕ್ಕೆ ಅವನ ಹಿಡಿತ ಸಡಿಲಿತು. "ಬಿಡಬ್ಯಾಡ!" ಎಂದು ಕೂಗಿದರು. ಬಹುವಚನ ಅಲ್ಲಿ ಬಿದ್ದುಹೋದದ್ದು ಮತ್ತೆ ಬರಲಿಲ್ಲ. ಇಪ್ಪತ್ತೈದು ನಿಮಿಷವಾದ ಮೇಲೆ ಸುತ್ತು ಇಳಿಸಲು ಬಿಟ್ಟರು. ಎಂಜಿನ್ ಸಮನಾಗಿ, ಮೆತ್ತಗೆ, ಹಾಲು ಕರೆಯುವ ಸದ್ದಿನಂತೆ ನಡೆಯಿತು. ಲಬಲಬ ಇರಲಿಲ್ಲ.

ಶ್ರೀಕರನ ಕಣ್ಣಲ್ಲಿ ನೀರಿತ್ತು. ಹೊಗೆಯಿಂದ ಎಂದ. "ಹೊಗಿ ಆ ಕಡೆ ಹೊಂಟೈತಿ," ಎಂದರು ಪ್ರಭಾ.

ಏಪ್ರಿಲಿನಲ್ಲಿ ಆಸ್ಟಿನ್ನಿನ ಹೊರಗಿನ ಒಂದು ಪಾರ್ಕಿನಲ್ಲಿ ಮೂರೂ ಊರವರ ಯುಗಾದಿ ಸೇರಿಕೆ ನಡೆಯಿತು. ಶ್ರೀಕರ್ ಕಾರನ್ನು ಫ್ರಿಸ್ಕೋದಿಂದ ಟ್ರೇಲರ್ ಇಲ್ಲದೆ ಓಡಿಸಿಕೊಂಡೇ ಬಂದಿದ್ದ, ಎಸಿ ಹಾಕಿಕೊಂಡು, ಗಾರ್ಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು. ಸದ್ದಿಲ್ಲದ ಕಾರನ್ನು ನೋಡಿದ ಜನ ಎರಡು ನಿಮಿಷ ನಿಂತು ಒಬ್ಬಟ್ಟಿನ ಕಡೆ ನಡೆದರು. ಪ್ರಭಾ ತಟ್ಟೆ ಹಿಡಿದು ಮರದ ನೆರಳಿನಲ್ಲಿ ನಿಂತಿದ್ದರು. ಅವರಿಗೆ ಬೆನ್ನು ಮಾಡಿ ಶ್ರೀಕರ್ ಯಾರೋ ಇಬ್ಬರಿಗೆ ಹೇಳುತ್ತಿದ್ದ, "ನೋಡಿ, ಕ್ಯಾಮ್ ಅನ್ನೋದು ಕ್ಯಾಟಲಾಗ್ ನೋಡಿ ಆರಿಸೋದಲ್ಲ. ಗೇರು ಏನು, ಬ್ರೇಕು ಏನು, ಎಲ್ಲಿ ಓಡಿಸ್ತೀರ, ಅದರ ಮೇಲೆ ಡಿಸೈಡ್ ಮಾಡ್ಬೇಕು. ನಾನು ಮೊದಲಿಂದಾನೂ ಅದನ್ನೇ ಹೇಳ್ತಿದ್ದೆ."

ಚನ್ನಬಸಪ್ಪನವರಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ಪ್ರಭಾ ನಗಲಿಲ್ಲ. "ಎಷ್ಟು ನಾಚಿಕಿಗೇಡಿ ನೋಡ್ರಿ," ಎಂದಷ್ಟೇ ಹೇಳಿದರು. ಅವಿನಾಶ್ ದೂರದಿಂದ ಅವರನ್ನು ಕಂಡು, ಏನೋ ಮರೆತವನಂತೆ ತನ್ನ ಕಾರಿನ ಕಡೆ ತಿರುಗಿಹೋದ.

ಅದಾಗಿ ಎರಡು ವಾರಕ್ಕೆ ಶ್ರೀಕರ್ ಮತ್ತೆ ಶೆಡ್ಡಿನ ಮುಂದೆ ನಿಂತಿದ್ದ. ಕಾರಿಗೆ ಏನೂ ಆಗಿರಲಿಲ್ಲ. ವಾಲ್ವ್ ಕೂರಿಸುವುದನ್ನು ಕಲಿಸುತ್ತೀರಾ ಎಂದು ಕೇಳಲು ಬಂದಿದ್ದ. ಫೋನಿನಲ್ಲಿ ಕೇಳಿದರೆ ಇಲ್ಲ ಎನ್ನುತ್ತೀರಿ, ಅದಕ್ಕೇ ಬಂದೆ ಎಂದ. ಅಷ್ಟಾದರೂ ಇವನಿಗೆ ಗೊತ್ತಾಯಿತಲ್ಲ ಎಂದುಕೊಂಡರು ಪ್ರಭಾ. ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೆಯ ಟ್ರಕ್ಕಿನ ಹೆಡ್ಡನ್ನು ಎಳೆದು ಬೆಂಚಿನ ಮೇಲೆ ಹಾಕಿ, ಉಜ್ಜುವ ಮುಲಾಮಿನ ಡಬ್ಬಿಯನ್ನೂ ಹಿಡಿಕೆಯ ಕೋಲನ್ನೂ ಅವನ ಮುಂದಿಟ್ಟರು. ಎಂಟು ವಾಲ್ವು. ಒಂದೊಂದನ್ನೂ ಮುಲಾಮು ಹಚ್ಚಿ, ಎರಡು ಅಂಗೈಗಳ ನಡುವೆ ಕೋಲನ್ನು ಮಜ್ಜಿಗೆ ಕಡೆದಂತೆ ಆಡಿಸಿ, ಸೀಟಿಗೆ ಒಂದೇ ಸಮ ಬೂದು ಗೆರೆ ಮೂಡುವವರೆಗೆ ಉಜ್ಜಬೇಕು. ಎಷ್ಟು ಒತ್ತಬೇಕು, ಯಾವಾಗ ಎತ್ತಿ ತಿರುಗಿಸಬೇಕು, ಎಲ್ಲವನ್ನೂ ಬಾಯಿಬಿಟ್ಟು ಹೇಳಿದರು.

ಮಧ್ಯಾಹ್ನದ ಹೊತ್ತಿಗೆ ಎಂಟೂ ಮುಗಿಸಿದೆ ಎಂದ. ಪ್ರಭಾ ಹೆಡ್ಡಿನ ಒಳದಾರಿಗಳಿಗೆ ಸೀಮೆಎಣ್ಣೆ ಸುರಿದು ನಿಂತು ನೋಡಿದರು. ಏಳು ಒಣಗೇ ಇದ್ದವು. ಎಂಟನೆಯದರ ಅಂಚಿನಲ್ಲಿ ಸಣ್ಣಗೆ ಒದ್ದೆ ಮೂಡಿ, ಹನಿಯಾಗಿ ಇಳಿಯಿತು.

"ಒಂದೇ ತಾನೇ ಆಂಟಿ," ಎಂದ ಶ್ರೀಕರ್.

"ಒಂದ. ತೊಳದು ಮತ್ತ ಮೊದಲಿನಿಂದ ಮಾಡು."

ಅವರು ಕೈ ತೊಳೆದುಕೊಂಡು ಒಳಗೆ ಊಟಕ್ಕೆ ಹೋದರು. ಶೆಡ್ಡಿನಿಂದ ಉಕ್ಕಿನ ಮೇಲೆ ಉಕ್ಕು ಉಜ್ಜುವ ಸದ್ದು ಬರುತ್ತಿತ್ತು. ಒತ್ತಡ ಜಾಸ್ತಿಯಾಗಿದೆ ಎಂದು ಕೂತಲ್ಲಿಂದಲೇ ಅವರಿಗೆ ಗೊತ್ತಾಗಿ, ಕಿಟಕಿ ತೆರೆದು, "ಹಗೂರ!" ಎಂದು ಕೂಗಿದರು. ಸದ್ದು ಹಗುರಾಯಿತು. ಚನ್ನಬಸಪ್ಪನವರು ಎದ್ದು, ಹೆಂಡತಿಯನ್ನು ಕೇಳದೆಯೇ, ಇನ್ನೊಂದು ತಟ್ಟೆಗೆ ಎರಡು ರೊಟ್ಟಿ, ಬದನೆಕಾಯಿ ಪಲ್ಯ ಹಾಕಿಕೊಂಡು ಹಿತ್ತಿಲ ಬಾಗಿಲ ಕಡೆ ನಡೆದರು.

"ಕೈ ತೊಳ್ಕೊಳ್ಳಾಕ ಹೇಳ್ರಿ ಅವಂಗ," ಎಂದರು ಪ್ರಭಾ, ತಲೆಯೆತ್ತದೆ. "ಅದನ್ನೂ ಹೇಳಬೇಕಾಗ್ತೈತಿ."